ಮೂತ್ರದಲ್ಲಿ ಪದ ಉಂಟೋ?

ನನ್ನ ಕಾಯಿಲೆಯ ಕಥೆ ಶುರುವಾಗುವುದು ಒಂದು ಸುಳ್ಳಿನಿಂದ. ಡಾಕ್ಟರು ಏನೋ ಕೇಳಿದರು, ನಾನು "ಇಲ್ಲ" ಎಂದುಬಿಟ್ಟೆ. ಪ್ರಶ್ನೆಯೇ ನನಗೆ ಅರ್ಥವಾಗಿರಲಿಲ್ಲ. ಅರ್ಥವಾಗಲಿಲ್ಲ ಎಂದು ಹೇಳಲು ನಾಚಿಕೆಯಾಯಿತು, ಅಷ್ಟೇ.

ನಾನು ಕಾಸರಗೋಡಿನ ಬೋವಿಕಾನದ ಹತ್ತಿರದ ಒಂದು ಅಪ್ಪರ್ ಪ್ರೈಮರಿ ಶಾಲೆಯಲ್ಲಿ ಕನ್ನಡ ಟೀಚರ್. ಹೆಸರು ವಾರಿಜ. ಈಗ ನಲವತ್ತೊಂದು ವರ್ಷ. ಆರು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಮೇಲೆ, ಸಂಜೆ ಮನೆಗೆ ಬಂದು ಚಪ್ಪಲಿ ಬಿಚ್ಚಿದರೆ ಅದರ ಪಟ್ಟಿಯ ಗುರುತು ಪಾದದ ಮೇಲೆ ಹಾಗೆಯೇ ಕೂತಿರುತ್ತಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ದಿನಕ್ಕೆ ಐದು ಪೀರಿಯಡ್ ನಿಂತು ಪಾಠ ಮಾಡುವವಳ ಕಾಲು ಊದದೆ ಇನ್ನೇನಾಗುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ನನ್ನ ಗಂಡ ಮದುವೆ, ಉಪನಯನಗಳಿಗೆ ಅಡಿಗೆ ಮಾಡುವವರು. ಸೀಸನ್ ಮುಗಿಯುವಾಗ ಅವರ ಕಾಲೂ ಊದುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಊದಿದ ಕಾಲಿಗೆ ಅಂಥ ಮರ್ಯಾದೆ ಇರಲಿಲ್ಲ.

ಬೆರಳಿನ ಉಂಗುರ ತೆಗೆಯಲು ಸೋಪು ಹಚ್ಚಬೇಕಾಗಿ ಬಂದ ದಿನ ಸ್ವಲ್ಪ ಹೆದರಿಕೆಯಾಯಿತು. ಶಾಲೆ ಬಿಟ್ಟವಳು ಕಾಸರಗೋಡಿನ ಬಸ್ಸು ಹತ್ತಿ, ನಾಯ್ಮಾರ್ಮೂಲೆಯ ಕಡೆಯ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ವಯಸ್ಸಾದವರು, ಕೇರಳದ ತೆಂಕಣ ಕಡೆಯವರು, ಮಲಯಾಳ ಮಾತ್ರ ಮಾತಾಡುವವರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅವರು ಪಾದ ಒತ್ತಿ ನೋಡಿದರು, ಬಿಪಿ ನೋಡಿದರು, ಒಂದರ ಹಿಂದೊಂದು ಪ್ರಶ್ನೆ ಕೇಳಿದರು. ಸುಸ್ತು ಉಂಟೋ, ಉಂಟು. ಏದುಸಿರು ಉಂಟೋ, ಇಲ್ಲ. ಆಮೇಲೆ ಕೇಳಿದರು.

"ಮೂತ್ರತ್ತಿಲ್ ಪದ ಉಂಡೋ?"

ಪದ ಎಂದರೆ ನನ್ನ ಅನ್ನ. ನಾಮಪದ, ಕ್ರಿಯಾಪದ, ವಿರುದ್ಧ ಪದ, ಸಮಾನಾರ್ಥಕ ಪದ ಎಂದು ದಿನವಿಡೀ ಹೇಳುವವಳು ನಾನು. ಮೂತ್ರದಲ್ಲಿ ಅದು ಹೇಗೆ ಬಂತು? ಕನ್ನಡ ಟೀಚರ್ ಎಂದು ಗೊತ್ತಾಗಿ ತಮಾಷೆ ಮಾಡುತ್ತಿದ್ದಾರೋ ಎಂದು ಮುಖ ನೋಡಿದೆ. ಅವರು ತಮಾಷೆಯ ಮನುಷ್ಯ ಆಗಿರಲಿಲ್ಲ, ಪೆನ್ನು ಹಿಡಿದು ಕಾಯುತ್ತಿದ್ದರು. ಬಾಗಿಲ ಬಳಿ ಮುಂದಿನ ಟೋಕನ್‌ನವರು ಆಗಲೇ ಬಂದು ನಿಂತಿದ್ದರು. "ಇಲ್ಲ" ಎಂದೆ. ಅವರು ಬರೆದುಕೊಂಡರು. ನೀರು ಇಳಿಯಲು ಮಾತ್ರೆ ಕೊಟ್ಟರು, ಉಪ್ಪು ಕಡಿಮೆ ಮಾಡಲು ಹೇಳಿದರು, ಕಡಿಮೆಯಾಗದಿದ್ದರೆ ಬರಲು ಹೇಳಿದರು. ಅವರ ಕೆಲಸ ಅವರು ಸರಿಯಾಗಿಯೇ ಮಾಡಿದ್ದರು. ತಪ್ಪು ಉತ್ತರ ಬರೆದವಳು ನಾನು.

ಇಷ್ಟು ವರ್ಷ ಕಾಸರಗೋಡಿನಲ್ಲಿದ್ದು ಮಲಯಾಳ ಬರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಬಸ್ಸಿಗೆ, ರೇಷನ್ ಅಂಗಡಿಗೆ, ಸ್ಟಾಫ್ ಮೀಟಿಂಗಿಗೆ ಸಾಕಾಗುವಷ್ಟು ಬರುತ್ತದೆ. ಮನೆಯೊಳಗಿನ ಮಲಯಾಳ, ಅಂದರೆ ಪಾತ್ರೆ ತೊಳೆಯುವ, ಹೊಟ್ಟೆನೋವು ಹೇಳುವ ಮಲಯಾಳ ಬರುವುದಿಲ್ಲ. ಅದಕ್ಕೆ ಕಾರಣ ನನ್ನ ಅಪ್ಪ. ಬೆಳ್ಳೂರಿನಲ್ಲಿ ಮೂವತ್ತು ವರ್ಷ ಕನ್ನಡ ಮಾಸ್ಟ್ರಾಗಿದ್ದವರು. ಕನ್ನಡಕ್ಕಾಗಿ ಮೆರವಣಿಗೆ ಹೋದವರು. ನಮ್ಮ ಮನೆಯಲ್ಲಿ ಮಾತು ತುಳು, ಓದು ಕನ್ನಡ. ಮಲಯಾಳದ ಒಂದು ಪೇಪರು ಕೂಡ ಹೊಸ್ತಿಲು ದಾಟುತ್ತಿರಲಿಲ್ಲ. "ಬಾರದು" ಎನ್ನುವುದು ನಮಗೆ ಒಂದು ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ನಾನು ಡಾಕ್ಟರ ಕೋಣೆಗೂ ತೆಗೆದುಕೊಂಡು ಹೋದೆ.

ಮಾತ್ರೆ ತಿಂದರೆ ಊತ ಇಳಿಯುತ್ತಿತ್ತು, ಬಿಟ್ಟರೆ ಬರುತ್ತಿತ್ತು. ಕ್ಲಿನಿಕ್ಕಿಗೆ ಮತ್ತೆ ಹೋಗುವ ಬದಲು ಅದೇ ಚೀಟಿ ತೋರಿಸಿ ಅದೇ ಮಾತ್ರೆ ತಂದು ತಿಂದೆ. ಹೀಗೆ ನಾಲ್ಕು ತಿಂಗಳು ಹೋಯಿತು. ಈ ನಾಲ್ಕು ತಿಂಗಳೂ ನಾನು ನೊರೆಯನ್ನು ನೋಡುತ್ತಿದ್ದೆ ಎನ್ನುವುದೇ ದೊಡ್ಡ ವಿಷಯ. ಬಚ್ಚಲಿಗೆ ಹೋಗಿ ಬಂದರೆ ಬಿಳಿ ನೊರೆ ನಿಲ್ಲುತ್ತಿತ್ತು, ಎರಡು ಚೊಂಬು ನೀರು ಹೊಯ್ದರೂ ಹೋಗುತ್ತಿರಲಿಲ್ಲ. ಕಕ್ಕಸು ತೊಳೆಯುವ ಔಷಧಿಯನ್ನು ಗಂಡ ಜಾಸ್ತಿ ಸುರಿಯುತ್ತಾರೆ ಎಂದು ನಾನು ಅವರ ಮೇಲೆ ಹಾರಾಡಿದೆ. ಅವರು ಪಾಪ, ಕಂಪೆನಿ ಬದಲಾಯಿಸಿ ಬೇರೆ ಬಾಟ್ಲಿ ತಂದರು.

ಗುಟ್ಟು ಒಡೆದದ್ದು ಶಾಲೆಯ ನಳ್ಳಿಯ ಬಳಿ. ಮಕ್ಕಳ ಊಟ ಮುಗಿದು, ನಾನೂ ಮಲಯಾಳದ ಬಿಂದು ಟೀಚರೂ ಬುತ್ತಿ ಪಾತ್ರೆ ತೊಳೆಯುತ್ತಿದ್ದೆವು. ಬಿಂದು ಚೆರುವತ್ತೂರಿನವರು, ನಮ್ಮಲ್ಲಿಗೆ ಬಂದ ಮೇಲೆ ಕನ್ನಡ ಕಲಿತವರು. ಹೊಸ ಸೋಪಿನ ಪುಡಿ ತಂದಿದ್ದರು.

"ನೋಡಿ ಟೀಚರೇ, ಎಷ್ಟು ನೀರು ಹಾಕಿದ್ರೂ ಇದರ ಪದ ಹೋಗುದೇ ಇಲ್ಲ" ಎಂದರು.

"ಎಂತ ಹೋಗುದಿಲ್ಲ?"

"ಪದ. ಇದು, ಇದು." ಡಬ್ಬಿಯೊಳಗಿನ ಬಿಳಿಯನ್ನು ಬೆರಳಿನಲ್ಲಿ ತೆಗೆದು ತೋರಿಸಿದರು. "ಕನ್ನಡದಲ್ಲಿ ಎಂತ ಹೇಳ್ತೀರಿ ಇದಕ್ಕೆ?"

"ನೊರೆ" ಎಂದೆ. ಹೇಳಿದ ಕೂಡಲೇ ಕೈಯ ಡಬ್ಬಿ ಕೆಳಗೆ ಬಿತ್ತು. ಬಿಂದು ಏನಾಯಿತು ಎಂದು ಕೇಳಿದರು. ನಾನು ನಳ್ಳಿಯ ಕಟ್ಟೆಯ ಮೇಲೆ ಕೂತು ಮೊದಲು ನಕ್ಕೆ. ಡಾಕ್ಟರ ಕಥೆ ಹೇಳಿದೆ, ಅವರೂ ನಕ್ಕರು. ಆಮೇಲೆ ಅವರ ನಗು ನಿಂತಿತು.

"ಟೀಚರೇ, ಪದ ಉಂಟಾ ನಿಮಗೆ?"

"ಉಂಟು. ನಾಲ್ಕು ತಿಂಗಳಿಂದ ಉಂಟು."

"ಎಂಥ ಜನ ಮಾರಾಯ್ತಿ ನೀನು! ನಡಿ, ಈಗಲೇ ಹೋಗುವ" ಎಂದು ಅವರು ಹೆಡ್‌ಮಾಷಿಗೆ ಹೇಳಿ ಅರ್ಧ ದಿನ ರಜೆ ಹಾಕಿಸಿ ನನ್ನನ್ನು ಲ್ಯಾಬಿಗೆ ಎಳೆದುಕೊಂಡು ಹೋದರು. ಅಲ್ಲಿಯವರೆಗೆ ನನ್ನನ್ನು "ನೀವು" ಎನ್ನುತ್ತಿದ್ದವರು ಆ ದಿನ "ನೀನು" ಎಂದರು, ಆಮೇಲೆ ಯಾವತ್ತೂ ಬದಲಾಯಿಸಲಿಲ್ಲ.

ಸಂಜೆ ರಿಪೋರ್ಟು ಬಂತು. ಪ್ರೊಟೀನ್: ನಾಲ್ಕು ಪ್ಲಸ್. ಮನೆಗೆ ತಂದು ಗಂಡನಿಗೆ ತೋರಿಸಿದೆ. ನಮ್ಮ ಕೇರಳದಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಎಲ್ಲದರಲ್ಲೂ ಎ ಪ್ಲಸ್ ಬಂದರೆ ರಸ್ತೆ ಬದಿಯಲ್ಲಿ ಫೋಟೋ ಹಾಕಿ ಫ್ಲೆಕ್ಸ್ ಕಟ್ಟುತ್ತಾರೆ. ಇವರು ಕಾಗದ ನೋಡಿ, "ಓಹೋ, ನಾಲ್ಕು ಪ್ಲಸ್! ಫ್ಲೆಕ್ಸ್ ಹಾಕಿಸುವನಾ?" ಎಂದರು. ನಾನು ನಗಲಿಲ್ಲ. ಅವರು ಕಾಗದವನ್ನು ಮತ್ತೊಮ್ಮೆ ನೋಡಿದರು. ಅದರಲ್ಲಿ ಏನೂ ಅರ್ಥವಾಗದೆ ನನ್ನ ಮುಖ ನೋಡಿ, "ಮಂಗಳೂರಿಗೆ ಹೋಗುವ" ಎಂದರು. ಮರುದಿನದ ಒಂದು ಮದುವೆಯ ಅಡಿಗೆಯನ್ನು ತಮ್ಮ ಸಹಾಯಕ್ಕಿದ್ದ ಭಟ್ಟರಿಗೆ ಒಪ್ಪಿಸಿದರು. ಮದುವೆಯ ಅಡಿಗೆ ಬಿಟ್ಟು ಅವರು ಬೇರೆ ಕಡೆ ಹೋದದ್ದು ನನಗೆ ಗೊತ್ತಿದ್ದಂತೆ ಅದೇ ಮೊದಲು.

ಮಂಗಳೂರಿನ ಆಸ್ಪತ್ರೆಯಲ್ಲಿ ಕಿಡ್ನಿಯ ಡಾಕ್ಟರನ್ನು ಕಾಯುವ ಜಾಗ ಒಂದು ಉದ್ದದ ಓಣಿ. ಒಂದು ಬದಿಯಲ್ಲಿ ಕುರ್ಚಿಗಳು, ಎದುರು ಡಯಾಲಿಸಿಸ್ ವಿಭಾಗದ ಗಾಜಿನ ಬಾಗಿಲು. ಟೋಕನ್ ನಂಬರು ಕೂಗುವ ತನಕ ಆ ಬಾಗಿಲನ್ನು ನೋಡುತ್ತಲೇ ಕೂರಬೇಕು. ಒಳಗೆ ಹೋಗುವವರು ಮನೆಯಿಂದ ಹೊದಿಕೆ ತಂದಿರುತ್ತಾರೆ, ಕೆಲವರು ತಲೆದಿಂಬು ಕೂಡ. ಒಬ್ಬರು ಪ್ರತಿ ಸಲವೂ ಒಂದು ಟ್ರಾನ್ಸಿಸ್ಟರು ಹಿಡಿದುಕೊಂಡು ಬರುತ್ತಿದ್ದರು. ಕಾಯುವ ನಾವೆಲ್ಲ ಆ ಬಾಗಿಲಿನ ಬಗ್ಗೆ ಮಾತಾಡುತ್ತಿರಲಿಲ್ಲ. ಹೆದರಿಕೆ ಎಂದರೆ ನನಗೆ ಇವತ್ತಿಗೂ ಕಣ್ಣ ಮುಂದೆ ಬರುವುದು ಆ ಗಾಜಿನ ಬಾಗಿಲು.

ಡಾಕ್ಟರು ನನಗಿಂತ ಚಿಕ್ಕವರು. ರಿಪೋರ್ಟು ನೋಡಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, "ಟೀಚರ್, ನೊರೆ ಯಾವಾಗಿಂದ ಬರ್ತಾ ಉಂಟು?" ಎಂದರು. ನೊರೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ನನಗೆ ಅಳು ಬಂತು. ನಾನು ಕಾಯಿಲೆಗೆ ಹೆದರಿ ಅಳುತ್ತಿದ್ದೇನೆ ಎಂದುಕೊಂಡು ಅವರು ಸಮಾಧಾನ ಹೇಳಿದರು. ನನಗೆ ಅಳು ಬಂದದ್ದು ಬೇರೆಯದಕ್ಕೆ. ಇದೇ ಪ್ರಶ್ನೆಗೆ ನಾಲ್ಕು ತಿಂಗಳ ಹಿಂದೆ "ಉಂಟು" ಎಂದಿದ್ದರೆ ಎಂದು.

ಬಯಾಪ್ಸಿಗೆ ಬೋರಲು ಮಲಗಿಸಿದರು. ಉಸಿರು ಹಿಡಿಯಲು ಹೇಳಿದರು, ಹಿಂದಿನಿಂದ ಸ್ಟೇಪ್ಲರ್ ಒತ್ತಿದಂತೆ ಟಕ್ ಎಂದಿತು. ಎರಡು ಸಲ ಅಷ್ಟೇ. ನೋವಿಗಿಂತ ಆಮೇಲೆ ಮಿಸುಕಾಡದೆ ಅಂಗಾತ ಮಲಗುವುದೇ ಕಷ್ಟ. ಕಾಯಿಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಉದ್ದದ ಹೆಸರು, ಬರೆದರೆ ಓದಿದವರು ಅದನ್ನು ಫೋನಿನಲ್ಲಿ ಹುಡುಕಿ ಇಲ್ಲದ್ದನ್ನೆಲ್ಲ ಓದುತ್ತಾರೆ. ನಾನೂ ಓದಿದ್ದೆ. ಸೋಸುವ ಕಡೆ ಸೋರುತ್ತಿದೆ, ಮೈಯ ಸತ್ತ್ವ ಮೂತ್ರದಲ್ಲಿ ಹೋಗುತ್ತಿದೆ, ಈಗಾಗಲೇ ಅಲ್ಲಲ್ಲಿ ಕಲೆ ಬಿದ್ದಿದೆ ಎಂದರು ಡಾಕ್ಟರು. ಕಲೆ ಬಿದ್ದ ಜಾಗ ಮತ್ತೆ ಸರಿಯಾಗುವುದಿಲ್ಲವಂತೆ. ನಾಲ್ಕು ತಿಂಗಳಲ್ಲಿ ಎಷ್ಟು ಕಲೆ ಬಿತ್ತು ಎಂದು ಕೇಳಿದೆ. "ಅದನ್ನು ಯಾರಿಗೂ ಹೇಳಲಿಕ್ಕೆ ಆಗುದಿಲ್ಲ ಟೀಚರ್, ಅದನ್ನು ಲೆಕ್ಕ ಹಾಕ್ತಾ ಕೂರಬೇಡಿ" ಎಂದರು.

ಆಸ್ಪತ್ರೆಯಿಂದ ಮನೆಗೆ ಬಂದ ವಾರ ಅಪ್ಪ ನೋಡಲು ಬಂದರು. ಬೆಳ್ಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ನಾನು ತಮಾಷೆಯ ಹಾಗೆಯೇ ಪದದ ಕಥೆ ಹೇಳಿದೆ. ಅಪ್ಪ ನಗುತ್ತಾರೆ ಎಂದುಕೊಂಡಿದ್ದೆ, ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು.

"ಪದ ಅಂದ್ರೆ ನೊರೆ ಅಂತ ನನಗೆ ಗೊತ್ತಿತ್ತು ಮಗಾ" ಎಂದರು.

"ನಿಮಗೆ ಮಲಯಾಳ ಬರ್ತದಾ ಅಪ್ಪಾ?"

"ಚೆನ್ನಾಗಿ ಬರ್ತದೆ. ಟ್ರೇನಿಂಗ್ ಮಾಡುವಾಗ ಎರಡು ವರ್ಷ ಪಯ್ಯನ್ನೂರಿನಲ್ಲಿ ಒಬ್ಬರ ಮನೆಯಲ್ಲಿ ಊಟ ಮಾಡಿಕೊಂಡು ಇದ್ದೆ. ನಿಮಗೆ ಬಾರದಿರಲಿ ಅಂತ ನಾನೇ ಮನೆಯಲ್ಲಿ ಮಾತಾಡಲಿಲ್ಲ."

ಇಷ್ಟು ಹೇಳಿ ಅವರು ಎದ್ದು ಅಂಗಳಕ್ಕೆ ಹೋದರು. ನನಗೆ ಅವರ ಮೇಲೆ ಸಿಟ್ಟು ಬಂತು, ತುಂಬ ಸಿಟ್ಟು ಬಂತು. ಕನ್ನಡ ಉಳಿಯಲಿಕ್ಕೆ ನನಗೆ ಒಂದು ಭಾಷೆ ಕಡಿಮೆಯಾಗಬೇಕಿತ್ತೇ? ಕಿಟಕಿಯಿಂದ ನೋಡಿದರೆ ಅಪ್ಪ ಬಾವಿಕಟ್ಟೆಗೆ ಕೈಯೂರಿ ನಿಂತಿದ್ದರು, ಹೆಗಲು ಅಲುಗುತ್ತಿತ್ತು. ಆಮೇಲೆ ನಾವಿಬ್ಬರೂ ಈ ಮಾತು ಎತ್ತಲಿಲ್ಲ. ಮುಂದಿನ ತಿಂಗಳು ಬಂದಾಗ ಅವರ ಚೀಲದಲ್ಲಿ ನನಗೆಂದು ಒಂದು ಮಲಯಾಳ ಪಾಠಪುಸ್ತಕ ಇತ್ತು, ಎರಡನೇ ಕ್ಲಾಸಿನದು.

ಸ್ಟೀರಾಯ್ಡ್ ಮಾತ್ರೆ ದಿನಕ್ಕೆ ಹನ್ನೆರಡು, ಬೆಳಗಿನ ತಿಂಡಿಯ ಮೇಲೆ. ಎರಡು ತಿಂಗಳಲ್ಲಿ ಮುಖ ಹಲಸಿನ ಹಣ್ಣಿನಷ್ಟಾಯಿತು. ಮೂರು ತಿಂಗಳ ರಜೆ ಮುಗಿಸಿ ಶಾಲೆಗೆ ಹೋದ ದಿನ ಐದನೇ ಕ್ಲಾಸಿನ ಒಬ್ಬಳು ನನ್ನನ್ನು ನೋಡಿ ಬಹಳ ಮರ್ಯಾದೆಯಿಂದ, "ಟೀಚರ್, ನಮ್ಮ ವಾರಿಜ ಟೀಚರ್ ಯಾವಾಗ ಬರ್ತಾರೆ?" ಎಂದು ಕೇಳಿದಳು. ಬಸ್ಸಿನಲ್ಲಿ ಪರಿಚಯದ ಹೆಂಗಸರು ಹೊಟ್ಟೆ ನೋಡಿ, "ವಿಶೇಷ ಉಂಟಾ?" ಎಂದು ಪಿಸುಗುಟ್ಟುತ್ತಿದ್ದರು. ಎಲ್ಲರಿಗೂ ಕಾಯಿಲೆಯ ಕಥೆ ಹೇಳಿ ಹೇಳಿ ಸುಸ್ತಾಗಿ ಒಬ್ಬರಿಗೆ, "ಉಂಟು, ಅವಳಿ ಜವಳಿ" ಎಂದೆ. ಆ ಮಾತು ನನಗಿಂತ ಮೊದಲು ಮನೆ ತಲುಪಿತ್ತು.

ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಸಿವು ಹೇಳತೀರದು. ಅದರ ಮೇಲೆ ಉಪ್ಪು ಬೇಡ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ನಾನು ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಡುತ್ತಿದ್ದೆ. ಈಗ ಅದರ ಮೊದಲರ್ಧ ನನಗೇ ಅರ್ಥವಾಯಿತು. ಸಾವಿರ ಜನರ ಸಾರಿಗೆ ಉಪ್ಪನ್ನು ಕೈಯಳತೆಯಲ್ಲಿ ಹಾಕಿ ಒಮ್ಮೆಯೂ ತಪ್ಪದ ನನ್ನ ಗಂಡ ಮನೆಯಲ್ಲಿ ಒಬ್ಬಳಿಗೆ ಉಪ್ಪಿಲ್ಲದ ಸಾರು ಮಾಡಲು ಕೂತರು. ಲಿಂಬೆ, ಜೀರಿಗೆ, ಕೊತ್ತಂಬರಿ, ಗಾಂಧಾರಿ ಮೆಣಸು, ಹುಳಿಗೆ ಬಿಂಬುಳಿಕಾಯಿ ಎಂದು ದಿನಕ್ಕೊಂದು ಪ್ರಯೋಗ. ತಾವೂ ಅದನ್ನೇ ತಿಂದರು. ನಾನು ತಟ್ಟೆ ದೂಡಿದ ದಿನ, "ನಾಳೆ ಸರಿ ಮಾಡ್ತೇನೆ" ಎನ್ನುತ್ತಿದ್ದರು. ಅವರು ಒಮ್ಮೆಯೂ ಬೈಯಲಿಲ್ಲ ಎನ್ನುವುದನ್ನು ಇಲ್ಲಿ ಬರೆದಿಡುತ್ತೇನೆ, ಬಾಯಿಬಿಟ್ಟು ಹೇಳಿದರೆ ಅವರಿಗೆ ಮುಜುಗರ.

ಮನೆಯಲ್ಲೇ ನೋಡಲು ಆಸ್ಪತ್ರೆಯಲ್ಲಿ ಒಂದು ಡಬ್ಬಿ ಪರೀಕ್ಷೆಯ ಪಟ್ಟಿ ಕೊಟ್ಟಿದ್ದರು. ಬೆಳಗಿನ ಮೂತ್ರದಲ್ಲಿ ಅದ್ದಿದರೆ ಪಟ್ಟಿಯ ತುದಿ ಬಣ್ಣ ಬದಲಾಯಿಸುತ್ತದೆ. ಹಳದಿಯಾದರೆ ಸೋರಿಕೆ ಇಲ್ಲ, ಹಸಿರು ಗಾಢವಾದಷ್ಟೂ ಪ್ಲಸ್ ಹೆಚ್ಚು. ನಾಲ್ಕು ಮೂರಾಯಿತು, ತಿಂಗಳುಗಟ್ಟಲೆ ಮೂರರಲ್ಲೇ ನಿಂತಿತು, ಆಮೇಲೆ ಎರಡು, ಒಂದು. ಊತ ಹೋಯಿತು. ಉಂಗುರ ಬೆರಳಿಗೆ ವಾಪಸು ಬಂತು. ಎರಡನೇ ವರ್ಷ ಮುಗಿಯುವಾಗ ಲ್ಯಾಬಿನವರು ಪ್ಲಸ್ಸಿನ ಜಾಗದಲ್ಲಿ "ಟ್ರೇಸ್" ಎಂದು ಬರೆದರು. ಡಾಕ್ಟರು ನಗುತ್ತಾ, ಕಾಯಿಲೆ ಮಲಗಿದೆ, ಇದಕ್ಕೆ ರೆಮಿಷನ್ ಎನ್ನುತ್ತಾರೆ ಎಂದರು. ಮಾತ್ರೆ ಹನ್ನೆರಡರಿಂದ ಇಳಿಯುತ್ತಾ ಇಳಿಯುತ್ತಾ ದಿನಕ್ಕೆ ಒಂದೇ ಒಂದು ಚಿಕ್ಕದು ಉಳಿಯಿತು. ಬಿಪಿ ಇಲ್ಲದಿದ್ದರೂ ಸೋರಿಕೆ ತಡೆಯಲೆಂದು ಬಿಪಿಯ ಮಾತ್ರೆಯೂ ಒಂದು.

ಎಲ್ಲರೂ ಕಥೆ ಮುಗಿಯಿತು ಎಂದುಕೊಂಡರು. ನನಗೆ ನಿಜವಾದ ಕಾಟ ಅಲ್ಲಿಂದ ಶುರುವಾಯಿತು. ಟ್ರೇಸ್ ಟ್ರೇಸಾಗಿಯೇ ಉಳಿಯಿತು. ಮೂರು ತಿಂಗಳಿಗೊಮ್ಮೆ ಹೋದರೂ ಟ್ರೇಸ್. ವರ್ಷ ಕಳೆಯಿತು, ಟ್ರೇಸ್. ಅದಕ್ಕೆ ಕನ್ನಡ ಹುಡುಕಿದೆ. ಲೇಶ, ಸುಳಿವು, ಕುರುಹು, ಜಾಡು. ಲೇಶ ಎಂದರೆ ತೊಂದರೆಯಿಲ್ಲ ಅನಿಸುತ್ತದೆ, ಜಾಡು ಎಂದರೆ ಯಾರೋ ಹಿಂದೆ ಬರುತ್ತಿದ್ದಾನೆ ಅನಿಸುತ್ತದೆ. ಕಾಯಿಲೆ ಪೂರಾ ಹೋದ ಮೇಲೆ ಉಳಿದ ಚೂರೋ, ತಿರುಗಿ ಬರುವ ಮೊದಲಿನ ಸೂಚನೆಯೋ? ಡಾಕ್ಟರನ್ನು ಕೇಳಿದರೆ, "ಹಳೆ ಕಲೆಯಿಂದ ಇರಬಹುದು, ಹೆಚ್ಚಾಗದಿದ್ದರೆ ಸಾಕು" ಎನ್ನುತ್ತಿದ್ದರು. ಇರಬಹುದು ಎಂಬ ಶಬ್ದವನ್ನು ಹಿಡಿದುಕೊಂಡು ಮೂರು ತಿಂಗಳು ಕಳೆಯುವುದು ಹೇಗೆ ಎಂದು ಅನುಭವಿಸಿದವರಿಗೇ ಗೊತ್ತು.

ಗಂಡ ತಮ್ಮದೇ ರೀತಿಯಲ್ಲಿ ಹೇಳಿದರು. "ಕಾಯಿಹಾಲು ಹಿಂಡುವ ಬಟ್ಟೆ ನೋಡಿದ್ದೀಯಲ್ಲ. ಒಂದು ಕಡೆ ಎಳೆ ಸಡಿಲ ಆದ್ರೆ ಹಾಲಿನ ಒಟ್ಟಿಗೆ ಸ್ವಲ್ಪ ಚರಟವೂ ಬರ್ತದೆ. ಅಷ್ಟಕ್ಕೇ ಬಟ್ಟೆ ಬಿಸಾಡ್ತಾರಾ? ಹರಿಯದ ಹಾಗೆ ನೋಡಿಕೊಂಡ್ರೆ ಇನ್ನೂ ಹತ್ತು ವರ್ಷ ಬರ್ತದೆ."

ಮಾತು ಸರಿ. ಆದರೆ ನನಗೆ ಬೇಕಾದದ್ದು ಲ್ಯಾಬಿನ ಕಾಗದದ ಮೇಲೆ "ನಿಲ್", ಅಂದರೆ ಏನೂ ಇಲ್ಲ, ಎಂಬ ಒಂದು ಶಬ್ದ. ಯಾಕೆಂದರೆ ಡಾಕ್ಟರು ಹೇಳಿದ್ದರು: ಮುಂದಿನ ಸಲ ನೋಡಿ ನಿರ್ಧಾರ ಮಾಡುವ, ಸರಿ ಇದ್ದರೆ ಆ ಕೊನೆಯ ಸ್ಟೀರಾಯ್ಡ್ ನಿಲ್ಲಿಸುವ, ಏರಿದ್ದರೆ ಇನ್ನೊಂದು ಬಯಾಪ್ಸಿ, ಮತ್ತೆ ಮೊದಲಿನಿಂದ. ಮತ್ತೆ ಹನ್ನೆರಡು ಮಾತ್ರೆ, ಮತ್ತೆ ಆ ಮುಖ, ಅದಾದ ಮೇಲೆ ಗಾಜಿನ ಬಾಗಿಲು. ನಾನು ಅಷ್ಟು ದೂರ ಯೋಚನೆ ಮಾಡಿ ಆಗಿತ್ತು.

ಮೂತ್ರ ಪರೀಕ್ಷೆಗೆ ಕೊಡುವ ಆ ಬೆಳಿಗ್ಗೆ ನಾನು ಮಾಡಿದ್ದನ್ನು ನನ್ನ ಕ್ಲಾಸಿನ ಮಕ್ಕಳು ಮಾಡಿದರೆ ಹೊರಗೆ ನಿಲ್ಲಿಸುತ್ತೇನೆ. ನೀರು ಕುಡಿದರೆ ಪಟ್ಟಿಯ ಹಸಿರು ತೆಳುವಾಗುತ್ತದೆ ಎಂದು ಮನೆಯಲ್ಲಿ ನೋಡಿ ಗೊತ್ತಿತ್ತು. ಎದ್ದವಳು ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಲೀಟರಿನ ಬಾಟ್ಲಿಯಲ್ಲಿ ಮೂರು ಬಾಟ್ಲಿ ನೀರು ಒಂದರ ಹಿಂದೊಂದು ಕುಡಿದೆ. ಹೊಟ್ಟೆ ಉಬ್ಬರಿಸಿತು, ತಲೆ ತಿರುಗಿತು. ಕಾಸರಗೋಡಿನ ಲ್ಯಾಬಿನಲ್ಲಿ ಕೊಟ್ಟ ಮೂತ್ರಕ್ಕೂ ನಳ್ಳಿಯ ನೀರಿಗೂ ಬಣ್ಣದಲ್ಲಿ ವ್ಯತ್ಯಾಸ ಇರಲಿಲ್ಲ.

ಸಂಜೆ ರಿಪೋರ್ಟಿನಲ್ಲಿ "ನಿಲ್" ಎಂದಿತ್ತು. ಉಳಿದ ಸಾಲುಗಳನ್ನು ಓದಲಿಲ್ಲ. ಗಂಡ ಕಾಗದವನ್ನು ದೇವರ ಮುಂದಿಟ್ಟು ಅಡಿಗೆ ಮನೆಗೆ ಹೋದರು. ಕಡ್ಲೆಬೇಳೆ ಪಾಯಸ ಮಾಡಿದರು. ಬಿಂದು ಟೀಚರಿಗೂ ಒಂದು ಡಬ್ಬಿ ಹೋಯಿತು. ಅಪ್ಪನಿಗೆ ಫೋನು ಮಾಡಿ, "ಈಗ ಇಲ್ಲ ಅಪ್ಪಾ" ಎಂದೆ. ಅವರು, "ಸತ್ಯವಾಗಿ ಇಲ್ಲವಾ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ "ಇಲ್ಲ" ಎಂದೆ. ಪಾಯಸ ನನಗೆ ಸೇರಲಿಲ್ಲ.

ಮಂಗಳೂರಿನಲ್ಲಿ ಡಾಕ್ಟರು ಕಾಗದವನ್ನು ಮೇಲಿನಿಂದ ಕೆಳಗೆ ಓದಿದರು, ಮತ್ತೆ ಕೆಳಗಿನಿಂದ ಮೇಲೆ.

"ಎಷ್ಟು ನೀರು ಕುಡಿದ್ರಿ ಟೀಚರ್?"

ಪಕ್ಕದಲ್ಲಿ ಕೂತ ಗಂಡ ನನ್ನ ಕಡೆ ತಿರುಗಿದರು.

"ಇದು ಮೂತ್ರ ಅಲ್ಲ, ನೀರು. ಸಾಂದ್ರತೆ ಎಷ್ಟು ಅಂತ ಇಲ್ಲಿ ಬರೆದಿದ್ದಾರೆ ನೋಡಿ. ಕಿಡ್ನಿ ಕಾಯಿಲೆ ಇಟ್ಟುಕೊಂಡು ಹೀಗೆ ಒಟ್ಟಿಗೆ ನೀರು ಕುಡಿಯುದು ಅಪಾಯ, ಗೊತ್ತುಂಟಾ ನಿಮಗೆ?" ಡಾಕ್ಟರ ದನಿ ಏರಿತು. ಆಮೇಲೆ ಇಳಿಸಿ, "ನಿಮ್ಮ ಶಾಲೆಯಲ್ಲಿ ಇದಕ್ಕೆ ಎಂತ ಹೇಳ್ತಾರೆ?" ಎಂದರು.

"ಕಾಪಿ" ಎಂದೆ.

"ಕಾಪಿ ಹೊಡೆದವರಿಗೆ ಎಂತ ಮಾಡ್ತೀರಿ?"

"ಮತ್ತೊಮ್ಮೆ ಪರೀಕ್ಷೆ ಬರೆಸ್ತೇವೆ."

"ಹಾಗಾದ್ರೆ ಬರೆಯಿರಿ. ಈ ಕಾಗದ ನಂಬಿ ನಾನು ಮಾತ್ರೆ ನಿಲ್ಲಿಸಿ, ಒಳಗೆ ಬೇರೆಯೇ ಆಗಿದ್ರೆ ಯಾರಿಗೆ ನಷ್ಟ?" ಎಂದು, ಇಡೀ ಒಂದು ದಿನದ ಮೂತ್ರ ಹಿಡಿದು ತರಲು ಐದು ಲೀಟರಿನ ಬಿಳಿ ಕ್ಯಾನು ಕೊಡಿಸಿದರು.

ವಾಪಸು ಬರುವಾಗ ಬಸ್ಸು ತಲಪಾಡಿ ದಾಟುವಾಗ ಗಂಡ ಕಾಲ ಬಳಿಯ ಖಾಲಿ ಕ್ಯಾನನ್ನು ನೆಟ್ಟಗೆ ನಿಲ್ಲಿಸಿದರು. ಆಮೇಲೆ, "ನನಗಾದ್ರೂ ಹೇಳಬಹುದಿತ್ತು. ಪಾಯಸ ಮಾಡ್ತಿರಲಿಲ್ಲ" ಎಂದರು. ಮೂರು ವರ್ಷದಲ್ಲಿ ಅವರು ನನಗೆ ಹೇಳಿದ ಅತಿ ಕಠಿಣ ಮಾತು ಅದು.

ಕ್ಯಾನು ಹಿಡಿದದ್ದು ಒಂದು ಆದಿತ್ಯವಾರ. ಬೆಳಗಿನ ಮೊದಲನೆಯದನ್ನು ಬಿಡಬೇಕು, ಅಲ್ಲಿಂದ ಮರುದಿನ ಬೆಳಗಿನ ಮೊದಲನೆಯದರ ತನಕ ಒಂದು ಹನಿಯೂ ಹೊರಗೆ ಹೋಗಬಾರದು. ನಮ್ಮ ಮನೆಯಲ್ಲಿ ಎಣ್ಣೆಯ, ಮೊಸರಿನ ಬಿಳಿ ಕ್ಯಾನುಗಳು ಹತ್ತಾರು ಇವೆ. ಅವುಗಳ ಜೊತೆ ಬೆರೆಯದಿರಲಿ ಎಂದು ಗಂಡ ಇದರ ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿ ಬಚ್ಚಲಿನ ಮೂಲೆಯಲ್ಲಿಟ್ಟರು. ಬಾಯಾರಿದಾಗ ಮಾತ್ರ ನೀರು ಕುಡಿದೆ. ಮಧ್ಯಾಹ್ನದ ತನಕ ಏನೂ ಅನಿಸಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಹಿಡಿದ ಮಗ್ಗಿನಲ್ಲಿ ನೊರೆ ಕಂಡಿತು. ಹೆಚ್ಚೇನೂ ಅಲ್ಲ, ಅಂಚಿನಲ್ಲಿ ಒಂದು ಸುತ್ತು. ಆದರೂ ಹೋಗಲಿಲ್ಲ. ಮಗ್ಗು ಹಿಡಿದುಕೊಂಡು ನಿಂತೆ. ಇದೊಂದನ್ನು ಕಕ್ಕಸಿಗೆ ಚೆಲ್ಲಿದರೆ ಲೋಕದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರಿಗೂ ಗೊತ್ತಾಗಲಿಕ್ಕಿಲ್ಲ. ಲೆಕ್ಕ ಸ್ವಲ್ಪ ಕಡಿಮೆ ಬರುತ್ತದೆ, ಮಾತ್ರೆ ನಿಲ್ಲುತ್ತದೆ. ಕೈ ಆ ಕಡೆ ಹೋಯಿತು ಕೂಡ. ಹೊರಗೆ ಗಂಡ ರುಬ್ಬುವ ಕಲ್ಲು ತೊಳೆಯುತ್ತಾ ಏನೋ ಗುನುಗುತ್ತಿದ್ದರು. ನನಗೆ ನಾಯ್ಮಾರ್ಮೂಲೆಯ ಆ ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದದ್ದು ನೆನಪಾಯಿತು. ನಾನು "ಇಲ್ಲ" ಎಂದದ್ದನ್ನು ಅವರು ನಂಬಿ ಬರೆದುಕೊಂಡಿದ್ದರು. ಕಿಡ್ನಿ ನಂಬಿರಲಿಲ್ಲ. ಮಗ್ಗಿನಲ್ಲಿದ್ದದ್ದನ್ನು ಕ್ಯಾನಿಗೆ ಹೊಯ್ದೆ, ನೊರೆ ಸಮೇತ.

ಮರುದಿನ ಚೀಲದಲ್ಲಿ ಕ್ಯಾನು ಇಟ್ಟುಕೊಂಡು ಬಸ್ಸು ಹತ್ತಿದೆವು. ಪಕ್ಕದಲ್ಲಿ ಕೂತ ವಯಸ್ಸಾದ ಹೆಂಗಸು, "ತೆಂಗಿನೆಣ್ಣೆಯಾ ಮಗಾ? ಮನೆಯದ್ದಾ?" ಎಂದರು. "ಮನೆಯದ್ದೇ, ಆದರೆ ಎಣ್ಣೆ ಅಲ್ಲ ಅಜ್ಜಿ, ಮೂತ್ರ" ಎಂದೆ. ಅವರು ಒಂದು ಕ್ಷಣ ಚೀಲ ನೋಡಿದರು. ನಂತರ ಕಾಲು ಸ್ವಲ್ಪ ಸರಿಸಿ, "ಗಟ್ಟಿ ಹಿಡಿದುಕೋ, ಮುಂದೆ ರೋಡು ಸರಿ ಇಲ್ಲ" ಎಂದರು.

ಫಲಿತಾಂಶ ಬಂತು. ಕ್ಯಾನಿನಲ್ಲಿದ್ದ ಪ್ರೊಟೀನ್ ಒಂದೂವರೆ ವರ್ಷದ ಹಿಂದೆ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಇಳಿದಿರಲಿಲ್ಲ, ಏರಿರಲೂ ಇಲ್ಲ. "ನಿಲ್ ಬರಲಿಕ್ಕಿಲ್ಲ ಟೀಚರ್, ಯಾವತ್ತೂ ಬರಲಿಕ್ಕಿಲ್ಲ. ಆದ್ರೆ ಇದು ಕದಲಲಿಲ್ಲ, ಅದೇ ನನಗೆ ಬೇಕಾದದ್ದು" ಎಂದು ಡಾಕ್ಟರು ಆ ಚಿಕ್ಕ ಮಾತ್ರೆಯ ಹೆಸರಿನ ಮೇಲೆ ಗೀಟು ಎಳೆದರು. ಮತ್ತೆ ಬರುವುದಿಲ್ಲ ಎಂದು ಮಾತು ಕೊಡಲಾರೆ ಎಂದೂ ಹೇಳಿದರು. ಓಣಿಗೆ ಬಂದು ಗಾಜಿನ ಬಾಗಿಲಿನ ಎದುರು ಕೂತು ಗಂಡನ ಕೈ ಹಿಡಿದುಕೊಂಡೆ. ಟ್ರಾನ್ಸಿಸ್ಟರಿನವರು ಒಳಗೆ ಹೋಗುವಾಗ ನಮ್ಮನ್ನು ನೋಡಿ ತಲೆಯಾಡಿಸಿದರು. ಅಷ್ಟು ವರ್ಷ ಅವರನ್ನು ನೋಡಿಯೂ ನೋಡದ ಹಾಗಿದ್ದವಳು ಆ ದಿನ ಎದ್ದು ನಿಂತು ನಮಸ್ಕಾರ ಹೇಳಿದೆ.

ಆ ಮಾತ್ರೆ ನಿಂತು ಎರಡು ವರ್ಷ ದಾಟಿತು. ಟ್ರೇಸ್ ಇದ್ದಲ್ಲೇ ಇದೆ. ಪಟ್ಟಿಯ ಡಬ್ಬಿಯನ್ನು ದಿನಾ ತೆಗೆಯುವುದಿಲ್ಲ, ವಾರಕ್ಕೊಮ್ಮೆ. ಬೇರೆಯವರ ಮನೆಗೆ ಊಟಕ್ಕೆ ಹೋದರೆ ಉಪ್ಪಿನಕಾಯಿಯ ಕಡೆ ನೋಡುವುದಿಲ್ಲ. ಕೆಲವು ಬೆಳಿಗ್ಗೆ ನೊರೆ ಸ್ವಲ್ಪ ಹೊತ್ತು ನಿಂತರೆ ವಾರ ಆಗದಿದ್ದರೂ ಡಬ್ಬಿ ತೆಗೆಯುತ್ತೇನೆ, ಸುಳ್ಳು ಹೇಳುವುದಿಲ್ಲ. ಎರಡನೇ ಕ್ಲಾಸಿನ ಮಲಯಾಳ ಪುಸ್ತಕ ಮುಗಿಸಿ, ಬಿಂದು ಟೀಚರ ಕೃಪೆಯಿಂದ ಈಗ ನಾಲ್ಕನೆಯದರಲ್ಲಿದ್ದೇನೆ. ಅಪ್ಪ ಫೋನಿನಲ್ಲಿ ಉಕ್ತಲೇಖನ ಕೊಡುತ್ತಾರೆ, ತಪ್ಪಾದರೆ ಹತ್ತು ಸಲ ಬರೆಸುತ್ತಾರೆ.

ಕಳೆದ ತಿಂಗಳು ಮಂಗಳೂರಿಗೆ ಹೋದಾಗ ಡಾಕ್ಟರ ಕೋಣೆಯ ಹೊರಗೆ ಹೊಸ ನರ್ಸ್ ಇದ್ದಳು. ಕೋಟ್ಟಯಂ ಕಡೆಯ ಹುಡುಗಿ, ಈ ಊರಿಗೆ ಬಂದು ವಾರವೂ ಆಗಿರಲಿಲ್ಲ. ಒಳಗೆ ಬಿಡುವ ಮೊದಲು ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದಳು. ತೂಕ ಕೇಳಿದಳು, ಊತ ಕೇಳಿದಳು. ಮುಂದಿನ ಶಬ್ದದಲ್ಲಿ ಸಿಕ್ಕಿಹಾಕಿಕೊಂಡಳು. "ಮೂತ್ರದಲ್ಲಿ... ನ... ನೊ..." ಎಂದು ತಡವರಿಸಿ, ಮುಖ ಕೆಂಪಾಗಿಸಿಕೊಂಡು, ಕೇಳುವುದೋ ಬಿಡುವುದೋ ಎಂದು ಚೀಟಿ ಮಡಚತೊಡಗಿದಳು. ಆ ಮುಖ ನನಗೆ ಗೊತ್ತು.

"ಪದಯಲ್ಲೇ ಮೋಳೇ?" ಎಂದೆ. ನೊರೆಯ ವಿಷಯ ತಾನೇ ಮಗಳೇ ಎಂದು.

ಅವಳು ಉಸಿರು ಬಿಟ್ಟು ನಕ್ಕಳು. "ಅದೇ ಚೇಚೀ. ಪದ ಉಂಡೋ?"

"ಉಂಡ್" ಎಂದೆ. "ಕೊರಚ್ಚ್ ಉಂಡ್." ಸ್ವಲ್ಪ ಉಂಟು ಎಂದು.

ಅವಳು ಬರೆದುಕೊಂಡಳು.